ನಾಲ್ಕು ಬೆರಳು ಬಿಟ್ಟು

ಒಂಬತ್ತನೇ ಬಿ, ಊಟದ ಮೇಲಿನ ಮೊದಲ ಪೀರಿಯಡ್ಡು.
ಗುಳೇದಗುಡ್ಡದ ಬಿಸಿಲು ಬಂಡೆಗೆ ಬಡಿದು
ತಿರುಗಿ ಬಂದು ನಮ್ಮ ತಗಡಿನ ಮೇಲೆ ಕೂತಿತ್ತು.
ಬೋರ್ಡಿನಲ್ಲಿ ಬರೆದೆ: ಕಟ್ ಆಫ್.
ಕಟ್ ಎಲ್ಲರಿಗೂ ಗೊತ್ತು. ಆಫ್ ಕೂಡ,
ಸ್ವಿಚ್ಚಿನ ಮೇಲೇ ಇರುತ್ತದಲ್ಲ.
ಕೂಡಿಸಿದರೆ ಮಾತ್ರ,
ಇಬ್ಬರು ಸಾಧು ಹುಡುಗರನ್ನು ಒಂದೇ ಬೆಂಚಿಗೆ ಕೂರಿಸಿದ ಹಾಗೆ,
ಏನಾಗುತ್ತದೋ ಹೇಳಲಾಗದು.

ಮೊದಲು ಕಣ್ಣಿಗೆ ಕಾಣುವ ಅರ್ಥ:
ಬೇವಿನ ಟೊಂಗೆ, ಬದನೆಯ ತೊಟ್ಟು.
ಆಮೇಲೆ ಕಾಣದ್ದು.
'ಕರೆಂಟ್ರೀ ಸರ್' ಎಂದ ಮೈಬೂಬ.
'ಮಾತಾಡಾಕತ್ತಾಗ ಫೋನು.'
'ಮಲಪ್ರಭಾ ತುಂಬಿ ಬಂತಂದ್ರ ನಮ್ಮ ಮಾಮಾರ ಊರು.'
ಇದಕ್ಕೆ ಚಪ್ಪಾಳೆ ಹೊಡೆಸಿದೆ.
ಪರೀಕ್ಷೆಯ ಕಟ್ ಆಫ್ ನಾನೇ ಹೇಳಿದೆ.
ಅರ್ಧ ಅಂಕ ಎಷ್ಟು ದೊಡ್ಡದೆಂದು
ಹೇಳಲಿಲ್ಲ.

ಕನ್ನಡದಲ್ಲೂ ನಾವೇನು ಕಡಿಮೆ ಕಡಿಯುತ್ತೇವೆಯೇ, ಎಂದೆ.
ಮರ ಕಡಿಯುತ್ತೇವೆ, ಹಲ್ಲು ಕಡಿಯುತ್ತೇವೆ,
ಇರುವೆ ಕಡಿಯುತ್ತದೆ, ಹೊಟ್ಟೆ ಕಡಿಯುತ್ತದೆ,
ಒಡಹುಟ್ಟಿದವರು ನಂಟು ಕಡಿದುಕೊಳ್ಳುತ್ತಾರೆ.
ಎಲ್ಲ ನಕ್ಕರು, ಇರುವೆಗೆ.

ಎದ್ದು ನಿಂತಳು ನೀಲಗಂಗಾ:
'ಸರ್, ಖಣ ಮುಗದ ಮ್ಯಾಲೆ ಮಗ್ಗದಿಂದ ಕಡೀತಾರ್ರಿ ನಮ್ಮಪ್ಪ.
ಆದ್ರ ಪೂರಾ ಅಲ್ರಿ.
ನಾಕು ಬೆರಳು ಎಳಿ ಬಿಡ್ತಾರ.
ಆ ಎಳಿಗೆ ಹೊಸಾ ಹಾಸು ಕೆಚ್ಚತಾಳ ನಮ್ಮವ್ವ,
ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದ, ಒಂದೊಂದ.
ಪೂರಾ ಕಡದ್ರ ಫಣ್ಯಾಗ ಎಲ್ಲಾ ಮೊದಲಿಂದ ತುಂಬಬೇಕ್ರಿ.
ಇದೂ ಕಟ್ ಆಫ್ ಏನ್ರಿ?'

'ನೋಡಿ ಹೇಳ್ತೀನಿ' ಎಂದೆ.
ಮಾಸ್ತರರ ಭಾಷೆಯಲ್ಲಿ ಇದರರ್ಥ
ಗೊತ್ತಿಲ್ಲ.

ಶನಿವಾರ ಸ್ಕಾಲರ್‌ಶಿಪ್ಪಿನ ಫಾರ್ಮಿಗೆ ಪಾಲಕರ ಸಹಿ.
ಸಾಲಿಮನೆ. ನೆಲದ ಕುಣಿಯಲ್ಲಿ ಮೊಣಕಾಲವರೆಗೆ ಇಳಿದು ಕೂತ
ಹುಚ್ಚೇಶಪ್ಪ, ಎದುರಿಗೆ ಅರ್ಧ ನೆಯ್ದ ಖಣ,
ಕೆಂಪು ನೆಲದಲ್ಲಿ ಸೂಜಿಮಲ್ಲಿಗೆ ಸಾಲು.
ಗೋಡೆಯಾಚೆ ಇನ್ನೊಂದು ಮಗ್ಗ ಬಡಿಯುತ್ತಿತ್ತು.
'ಯಾರದು?'
'ಮಾನಪ್ಪಂದು. ತಮ್ಮ.
ಕಡಕೊಂಡೀವ್ರಿ. ಏಳು ವರ್ಷಾತು.
ಅವ್ವನ ಬೋರಮಾಳದ ಸಲುವಾಗಿ.'
ಉಳಿದದ್ದು ಚಹಾ ಹೇಳಲಿ ಎಂಬಂತೆ
ಬಸಿ ಮುಂದೆ ಸರಿಸಿದ.

ಈ ಮಗ್ಗ ಹೌದೆಂದರೆ ಆ ಮಗ್ಗ ಹೌದು.
ಎಷ್ಟೋ ಹೊತ್ತು.
ಪೆನ್ನು ಹುಡುಕಿ ಕೊಟ್ಟೆ, ತೆಗೆದುಕೊಳ್ಳಲಿಲ್ಲ.
ಆಚೆಯದು ನಿಂತಿತ್ತು.
ಈಚೆ ಹಗ್ಗ ಹಿಡಿದ ಕೈಯೂ ನಿಂತಿತು,
ಲಾಳಿ ನಡುದಾರಿಯಲ್ಲಿ,
ಕುಣಿಯೊಳಗಿನ ಕಾಲು ಒತ್ತಿದಲ್ಲೇ.
ಅವನು ಗೋಡೆ ನೋಡಲಿಲ್ಲ, ನನ್ನನ್ನೂ.
ಮನೆಯೊಳಗೆ ಮೊದಲ ಬಾರಿ
ನೊಣದ ಸದ್ದು ಕೇಳಿಸಿತು.

'ಎಳಿ ಹರದಿರಬೇಕು.'

ಒಂದು ಗಂಟಿಗೆ ಬೇಕಾಗುವಷ್ಟು ಹೊತ್ತು,
ಅದರ ಮೇಲೆ ಇನ್ನಷ್ಟು.
ಆಮೇಲೆ ಆಚೆ ಟಕ್ಕೆಂದಿತು, ಈಚೆ ಕಾಲು ಇಳಿಯಿತು.
'ಗಂಟ ಹಾಕೂದರಾಗ ಅಂವ ಯಾವಾಗ್ಲೂ ತಡ'
ಎಂದ ಮಗ್ಗಕ್ಕೆ,
'ಸಣ್ಣಾಂವ ಇದ್ದಾಗಿಂದನೂ.'

ಸೋಮವಾರ ಪಾಠ ಮುಂದೆ ಹೋಯಿತು: ಕಟ್ ಡೌನ್.
ನೀಲಗಂಗಾ ಏನೂ ಕೇಳಲಿಲ್ಲ.
ಸಂಜೆ ತಿದ್ದಲು ಬಂದ ನೋಟ್‌ಬುಕ್ಕಿನಲ್ಲಿ
ಕಟ್ ಆಫ್ ಕೆಳಗೆ ಐದು ಅರ್ಥ, ಉದಾಹರಣೆ ಸಹಿತ.
ಆರು ಎಂದು ಅಂಕಿ ಹಾಕಿ,
ಚುಕ್ಕಿ ಇಟ್ಟು,
ಬಿಟ್ಟಿದ್ದಳು.
ಕೆಂಪು ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತು
ಪುಟ ತಿರುಗಿಸಿತು.